ಆಯಿಯ ಭಾನುವಾರಗಳು

ನನ್ನ ತಾಯಿ, ಆಯಿ, ಸೈಕಲ್ ತಂದ ದಿನ ವೈನಿ ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬಂದಳು. ಕೈತುಂಬ ಜೋಳದ ಹಿಟ್ಟು. ಬಾಗಿಲಲ್ಲಿ ನಿಂತು ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದಳು. ತೆಳ್ಳನೆಯ ಚಕ್ರ, ಟಗರಿನ ಕೋಡಿನಂತೆ ಬಾಗಿದ ಹಿಡಿ. ಹಿಂದೆ ಕ್ಯಾರಿಯರ್ ಇಲ್ಲ, ಮುಂದೆ ಬುಟ್ಟಿ ಇಲ್ಲ.

"ಇದರ ಮ್ಯಾಲ ಒಂದ್ ಸಿವುಡು ಕೊತ್ತಂಬ್ರಿ ಸೈತ ತರಾಕ ಬರೂದಿಲ್ಲಲ್ರಿ ಅತ್ತಿ?"

"ಕೊತ್ತಂಬ್ರಿ ತರಾಕ ತಂದಿಲ್ಲ," ಎಂದಳು ಆಯಿ.

"ಮತ್ತ ಯಾಕ?"

"ನಾ ಹತ್ತಾಕ."

ವೈನಿ ನನ್ನ ಮುಖ ನೋಡಿದಳು. ನಾನು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆ. ಖಾನಾವಳಿಯಲ್ಲಿ ನನ್ನ ಪಾಲಿನ ಕೆಲಸ ಅದು. ಬಿ.ಎ. ಮುಗಿಸಿದ್ದರೂ ಗಿರಾಕಿಗಳ ಮುಂದೆ ತಟ್ಟೆ ಇಡಲು ನನಗೆ ಮುಜುಗರ. ಅಣ್ಣ ಸಂಗ್ರಾಮ, ನನ್ನ ದಾದಾ, ನನ್ನನ್ನು ಮೂಕಿ ಎಂದೇ ಕರೆಯುತ್ತಾನೆ. ನಾನು ಬೆಳ್ಳುಳ್ಳಿಯ ಕಡೆಗೇ ನೋಡಿದೆ.

ಕೊಲ್ಹಾಪುರದ ಶಿವಾಜಿ ಪೇಟೆಯಲ್ಲಿ ನಮ್ಮ ಮನೆಯ ಮುಂಭಾಗವೇ ಇಂಗವಲೆ ಖಾನಾವಳಿ. ನಮ್ಮಪ್ಪ ಬಾಬಾ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿರುವವಳು ಆಯಿ. ದಾದಾ ಮಟನ್ ತರುತ್ತಾನೆ, ಗಲ್ಲೆಯ ಮೇಲೆ ಕೂಡುತ್ತಾನೆ. ಅವನ ಹೆಂಡತಿ, ಅಂದರೆ ನನ್ನ ಅತ್ತಿಗೆ, ಶರ್ವರಿ ವೈನಿ ಈ ಮನೆಗೆ ಬಂದು ಎರಡು ವರ್ಷವಾಯಿತು. ಬಂದಾಗಿನಿಂದ ರೊಟ್ಟಿಯ ಒಲೆಯ ಮುಂದೆ ಇದ್ದಾಳೆ. ಆಬಾ, ಅಂದರೆ ನನ್ನ ಅಜ್ಜ, ಹಳೆಯ ಪೈಲ್ವಾನ. ಎಂಬತ್ತು ದಾಟಿದರೂ ಕಿವಿ ಇನ್ನೂ ಹಿಚುಕಿದ ಹೂಕೋಸಿನ ಹಾಗೆಯೇ ಇದೆ. ಬಾಗಿಲ ಪಕ್ಕದ ಕುರ್ಚಿ ಅವರದು.

ಹಿಂದಿನ ದೀಪಾವಳಿಯಲ್ಲಿ ಆಯಿಗೆ ಸಕ್ಕರೆ ಕಾಯಿಲೆ ಶುರುವಾಗಿದೆ ಎಂದು ಗೊತ್ತಾಗಿತ್ತು. ಡಾಕ್ಟರು ನಡೆಯಲು ಹೇಳಿದರು. ಆಯಿ ರಂಕಾಳಾ ಕೆರೆ ಸುತ್ತತೊಡಗಿದಳು. ಅಲ್ಲಿ ನಾಲ್ಕೈದು ಹೆಂಗಸರ ಗುಂಪು ಸಿಕ್ಕಿತು. ನಡಿಗೆ ಓಟವಾಯಿತು. ಆಮೇಲೆ ಯಾರೋ "ನಿಮಗ ಈಜ ಬರತದೇನ್ರಿ?" ಎಂದು ಕೇಳಿದರು. ತವರಿನಲ್ಲಿ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಪಂಚಗಂಗೆಯಲ್ಲಿ ಈಜು ಕಲಿತವಳು ಆಯಿ, ಬರತದ ಅಂದಳು. ಅಲ್ಲಿಗೆ ಮಾತು ಗೋವೆಗೆ ಹೋಗಿ ನಿಂತಿತು. ಆ ಗುಂಪಿನವರೆಲ್ಲ ದೀಪಾವಳಿಯ ನಂತರದ ಭಾನುವಾರ ಅಲ್ಲಿ ನಡೆಯುವ ದೊಡ್ಡ ಸ್ಪರ್ಧೆಗೆ ತಯಾರಾಗುತ್ತಿದ್ದರು. ಸಮುದ್ರದಲ್ಲಿ ಎರಡು ಕಿಲೋಮೀಟರಿಗೆ ಚೂರು ಕಡಿಮೆ ಈಜು, ಆಮೇಲೆ ತೊಂಬತ್ತು ಕಿಲೋಮೀಟರು ಸೈಕಲ್, ಆಮೇಲೆ ಇಪ್ಪತ್ತೊಂದು ಕಿಲೋಮೀಟರು ಓಟ. ಒಂದರ ಹಿಂದೆ ಒಂದು. ಎಲ್ಲವೂ ಎಂಟೂವರೆ ತಾಸಿನ ಒಳಗೆ ಮುಗಿಯಬೇಕು. ಆಯಿ ಹೆಂಗಸರ ಚೀಟಿ ಎತ್ತಿದ ದುಡ್ಡಿನಲ್ಲಿ ಒಬ್ಬ ಹಲ್ಲಿನ ಡಾಕ್ಟರರ ಹಳೆಯ ಸೈಕಲ್ಲನ್ನು ಕೊಂಡಿದ್ದಳು.

ಆ ದಿನ ಊಟಕ್ಕೆ ಕೂತಾಗ ದಾದಾ ತಟ್ಟೆ ಮುಟ್ಟಲಿಲ್ಲ.

"ಮಂದಿ ಏನಂದಾರು? ಇಂಗವಲೆ ಮನಿ ಹೆಂಗಸು ಚಡ್ಡಿ ಹಾಕ್ಕೊಂಡು ಸೈಕಲ್ ಹೊಡೀತಾಳ ಅಂತಾರ."

"ಮಂದಿಗೆ ಊಟಕ್ಕ ಹಾಕಾಕಿ ನಾನ. ಅನ್ನಲಿ," ಎಂದಳು ಆಯಿ. "ನೀ ಉಣ್ಣು, ಆರತದ."

"ಎಲ್ಲಾರ ಅತ್ತೆಗೋಳು ಭಜನಿಗೆ ಹೋಗ್ತಾರ," ವೈನಿ ರೊಟ್ಟಿ ಹಾಕುತ್ತ ಹೇಳಿದಳು. "ನಮ್ಮ ಅತ್ತಿ ಕೆರಿಗೆ ಹಾರ್ತಾರ. ಮನಿ ಕೆಲಸ ಯಾರ ಕೊರಳಿಗೆ?"

ಆಬಾ ಮೂಳೆ ಚೀಪುತ್ತ ಕೇಳುತ್ತಿದ್ದರು. "ಏ ಸಂಗ್ರಾಮ, ನಾ ಒಂದ್ ಲಂಗೋಟಿ ಮ್ಯಾಲ ಇಡೀ ಊರಿನ ಮುಂದ ನಿಂತೇನಿ. ನಿಮ್ಮವ್ವ ಮೈತುಂಬ ಅರಿವಿ ಹಾಕ್ಕೊಂಡು ಈಜಿದ್ರ ನಿನಗೇನಾತು?"

"ನೀವು ಪೈಲ್ವಾನ್ರು, ಆಬಾ."

"ಅಕಿ ಇನ್ನೂ ಆಗಿಲ್ಲ. ಆಗ್ಲಿ ತಡಿ."

ಕೊನೆಗೆ ದಾದಾ ಒಂದು ಕರಾರು ಹಾಕಿದ. "ಒಂದ ಸಲ. ಗೋವಾದಾಗ ಟೈಮಿನೊಳಗ ಮುಗಿಸಿದಿ, ಸೈಕಲ್ ಮನ್ಯಾಗ ಇರತದ. ಇಲ್ಲಂದ್ರ ಆ ಹಲ್ಲಿನ ಡಾಕ್ಟರಗ ವಾಪಸ್. ಅಲ್ಲೀತನಕ ರಸ್ಸಾ ತಪ್ಪಂಗಿಲ್ಲ."

"ಆತು," ಎಂದಳು ಆಯಿ. ಆಮೇಲೆ ಎರಡು ರೊಟ್ಟಿ ಹೆಚ್ಚಿಗೆ ಉಂಡಳು.

ರಸ್ಸಾ ಎಂದರೆ ಬಿಳಿ ರಸ್ಸಾ, ಮಟನ್ನಿನ ತೆಳು ಸಾರು. ಕೆಂಪು ರಸ್ಸಾವನ್ನು ಈ ಊರಲ್ಲಿ ಕಣ್ಣು ಮುಚ್ಚಿಕೊಂಡೂ ಮಾಡುತ್ತಾರೆ. ಭಾನುವಾರ, ಬುಧವಾರ ಜನ ನಮ್ಮಲ್ಲಿಗೆ ಹುಡುಕಿಕೊಂಡು ಬರುವುದು ಆಯಿಯ ಬಿಳಿ ರಸ್ಸಾಕ್ಕೆ. ಮಟನ್ ಕುದಿಸಿದ ನೀರು, ತೆಂಗಿನಹಾಲು, ಗೋಡಂಬಿ, ಎಳ್ಳು, ಗಸಗಸೆ, ಇಷ್ಟು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಹೊತ್ತು ಇಟ್ಟರೂ ಒಡೆಯದ ಹಾಗೆ ಅದನ್ನು ಕೂಡಿಸುವುದು ಆಯಿಗೆ ಮಾತ್ರ ಗೊತ್ತು. ಆ ಹೊತ್ತಿಗೆ ಆಕೆ ಎಲ್ಲರನ್ನೂ ಹೊರಗೆ ಕಳಿಸಿ ಅಡುಗೆಮನೆಯ ಕದ ಮುಚ್ಚುತ್ತಿದ್ದಳು. ಹೊರಗೆ ನಿಂತ ವೈನಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಕದವನ್ನೇ ನೋಡುತ್ತಿದ್ದಳು. ಆಬಾ ಕುರ್ಚಿಯಲ್ಲೇ ನಗುತ್ತಿದ್ದರು: "ಕುಸ್ತಿ ವಸ್ತಾದ ಹುಡುಗುರಿಗೆ ಎಲ್ಲಾ ಡಾವು-ಪಟ್ಟು ಕಲಿಸ್ತಾನ ಶರ್ವರಿ, ಒಂದ್ ಮಾತ್ರ ತನ್ನ ಹಂತ್ಯಾಕ ಇಟ್ಕೋತಾನ. ಇಲ್ಲಂದ್ರ ನಾಳೆ ಕಲಿಸಿದವನ್ನ ಕಲಿತಂವ ಚಿತ್ ಮಾಡ್ತಾನ."

"ನಾ ಯಾರನ್ನ ಚಿತ್ ಮಾಡ್ಲಿ ಆಬಾ? ರೊಟ್ಟಿ ಬಡಿದು ಬಡಿದು ನಾನ ಚಿತ್ ಆಗೇನಿ."

ಆಬಾ ತಾವಾಗಿಯೇ ಆಯಿಯ ವಸ್ತಾದರಾದರು. ಸೈಕಲ್ಲಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಆದರೆ ಪೈಲ್ವಾನನಿಗೆ ಏನು ತಿನ್ನಿಸಬೇಕು ಎಂಬುದು ಗೊತ್ತಿತ್ತು. ನೆನೆಸಿದ ಬಾದಾಮಿಯನ್ನು ಕಲ್ಲಿನಲ್ಲಿ ತಾವೇ ಅರೆದರು. ಆಯಿ ಕಳಂಬಾ ಕೆರೆಯಲ್ಲಿ ಮೊದಲ ಸಲ ದೂರದ ಈಜಿಗೆ ಇಳಿಯುವ ದಿನ, ಬೆಳಗಾಗುವ ಮುಂಚೆಯೇ ಗಂಗಾವೇಶಿಯ ಹಾಲಿನ ಕಟ್ಟೆಗೆ ಹೋಗಿ, ಎಮ್ಮೆಯ ಕೆಚ್ಚಲ ಕೆಳಗೇ ತಂಬಿಗೆ ಹಿಡಿದು ಬಿಸಿ ಬಿಸಿ ಹಾಲು ಕರೆಸಿ ತಂದರು. ಮೇಲೆ ಎರಡು ಚಮಚ ತುಪ್ಪ.

"ಮಾವಾರ, ಈಜೂಕಿಂತ ಮೊದಲ ಇಷ್ಟು..."

"ಕುಡಿ. ನಾ ಇಂಥಾವು ನಾಕ ತಂಬಿಗಿ ಕುಡಿದು ಅಖಾಡಾಕ್ಕ ಇಳೀತಿದ್ದೆ."

ಮಾವನ ಮಾತು ಮೀರದೆ ಆಯಿ ನಿಂತಲ್ಲೇ ಗಟಗಟ ಕುಡಿದಳು. ಅರ್ಧ ಕೆರೆ ದಾಟುವ ಹೊತ್ತಿಗೆ ಅಷ್ಟೂ ಹಾಲು ಕೆರೆಯ ಪಾಲಾಯಿತು. ಗುಂಪಿನವರು ಆಕೆಯನ್ನು ಗಾಳಿ ತುಂಬಿದ ಟ್ಯೂಬಿಗೆ ಆನಿಸಿ ದಂಡೆಗೆ ತಂದರು. ನಾನು ಟವೆಲ್ ಹಿಡಿದು ನಿಂತಿದ್ದೆ. ಆಯಿಯ ತುಟಿ ನೀಲಿಯಾಗಿತ್ತು.

ಮನೆಗೆ ಬರುವಾಗ ರಿಕ್ಷಾದಲ್ಲಿ ಆಬಾ ಹೇಳಿದರು: "ಎಮ್ಮಿ ಹೊಸಾದು ಇತ್ತು. ಹಾಲು ಬರೋಬ್ಬರಿ ಇರ್ಲಿಲ್ಲ."

"ಹೌದ್ರಿ ಮಾವಾರ, ಎಮ್ಮೀದ ತಪ್ಪು," ಎಂದಳು ಆಯಿ, ಕಣ್ಣು ಮುಚ್ಚಿಕೊಂಡೇ.

ಮರುವಾರ ಆಬಾ ಬಾಳೆಹಣ್ಣು ತಂದರು. ಅರ್ಧ ಮಾತ್ರ ಕೊಟ್ಟು ಉಳಿದರ್ಧ ತಾವೇ ತಿಂದರು.

ಮಳೆಗಾಲ ಶುರುವಾಯಿತು. ಆಯಿ ಮಳೆಯಲ್ಲೇ ಸೈಕಲ್ ಹೊಡೆದಳು. ಕೆಸರು ಬೆನ್ನಿನ ಮೇಲೆ ಒಂದು ಗೆರೆಯಾಗಿ ಕೂತಿರುತ್ತಿತ್ತು. ಬಟ್ಟೆ ಒಣಗದೆ ಈಜಿನ ಉಡುಪು ಅಡುಗೆಮನೆಯ ಹಗ್ಗದ ಮೇಲೆ ರೊಟ್ಟಿಯ ಬಿಸಿಗೆ ತೂಗುತ್ತಿತ್ತು.

"ರೊಟ್ಟಿಗೆ ಕೆರಿ ವಾಸನಿ ಬರಾಕತ್ತದ," ಎಂದಳು ವೈನಿ.

"ಕೆರಿ ವಾಸನಿ ಅಲ್ಲ, ನಿನ್ನ ಸಿಟ್ಟಿನ ವಾಸನಿ ಅದು."

"ಸಿಟ್ಟು ಬರಬಾರದೇನ್ರಿ? ಮುಂಜಾನಿ ಮಸಾಲಿ ನಾ ಅರೀಬೇಕು, ಉಳ್ಳಾಗಡ್ಡಿ ನಾ ಹೆಚ್ಚಬೇಕು, ನಿಮ್ಮ ಕೆಸರಿನ ಅರಿವಿ ನಾ ಒಗೀಬೇಕು."

"ಅರಿವಿ ನಾ ಒಗೀತೇನಿ."

"ಹಂಗಾದ್ರ ಮಸಾಲಿ?"

ಮಾರನೆಯ ದಿನದಿಂದ ಆಯಿ ತನ್ನ ಬಟ್ಟೆ ತಾನೇ ಒಗೆದು ಮೇಲಿನ ಮಾಳಿಗೆಯಲ್ಲಿ ಹಾಕತೊಡಗಿದಳು. ಮಸಾಲೆ ವೈನಿಯ ಪಾಲಿಗೇ ಉಳಿಯಿತು.

ಶ್ರಾವಣ ಬಂದಾಗ ಮನೆ ಸ್ವಲ್ಪ ತಣ್ಣಗಾಯಿತು. ಆ ತಿಂಗಳು ಅರ್ಧ ಊರು ಮಟನ್ ಬಿಡುತ್ತದೆ; ನಮ್ಮ ಒಲೆಗೂ ಬಿಡುವು. ಭಾನುವಾರಗಳೆಲ್ಲ ಆಯಿಗೆ ಸಿಕ್ಕವು. ಪನ್ಹಾಳದ ಘಾಟಿಯನ್ನು ಮೊದಲ ವಾರ ಸೈಕಲ್ ನೂಕಿಕೊಂಡು ಹತ್ತಿದಳು. ಎರಡನೆಯ ವಾರ ಅರ್ಧ ಕೂತು, ಅರ್ಧ ನೂಕಿ. ಶ್ರಾವಣದ ಕೊನೆಯ ಭಾನುವಾರ ಇಳಿಯದೆ ಮೇಲೆ ಹೋದಳು. ನಾನು ಸ್ಕೂಟರಿನಲ್ಲಿ ಹಿಂದೆ ಇದ್ದೆ. ಮೇಲೆ ನಿಂತು ಆಕೆ ಏದುಸಿರು ಬಿಡುತ್ತ ಕಣಿವೆಯ ಕಡೆ ನೋಡಿದಳು. "ಮೂಕಿ, ಝುಣಕಾ ರೊಟ್ಟಿ ತಿನ್ನೂಣೇನು?" ಎಂದಳು. ಇಬ್ಬರೂ ದಾರಿ ಬದಿಯಲ್ಲಿ ಕೂತು ತಿಂದೆವು. ಹೊರಗಿನವರು ಮಾಡಿದ ರೊಟ್ಟಿಯನ್ನು ಆಯಿ ತಿನ್ನುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಗಣಪತಿ ಹೋದ ಮೇಲೆ ಗಿರಾಕಿಗಳು ತಿರುಗಿ ಬಂದರು. ಗುಂಪಿನ ದೂರದ ಸವಾರಿಯೂ ಭಾನುವಾರವೇ. ಆಯಿ ಕತ್ತಲಿದ್ದಾಗಲೇ ಎದ್ದು ಹೋಗಿ, ಮಟನ್ ಬೇಯುವ ಹೊತ್ತಿಗೆ ಓಡಿ ಬಂದು, ಹೆಲ್ಮೆಟ್ ತೆಗೆಯದೆಯೇ ಕದ ಮುಚ್ಚಿಕೊಳ್ಳುತ್ತಿದ್ದಳು. ಹೀಗೆ ಕೆಲವು ವಾರ ನಡೆಯಿತು. ಆಮೇಲೆ ಒಂದು ಭಾನುವಾರ ಕಾಗಲದ ಹತ್ತಿರ ಟೈರು ಸೀಳಿತು.

ಆಕೆ ಬರುವ ಹೊತ್ತಿಗೆ ಖಾನಾವಳಿ ತುಂಬಿತ್ತು. ಒಲೆಯ ಮೇಲೆ ಮಟನ್ ನೀರು ಕುದಿದು ಕುದಿದು ಇಳಿದಿತ್ತು. ತೆಂಗಿನಹಾಲು ಒಂದು ಕಡೆ, ಅರೆದದ್ದು ಒಂದು ಕಡೆ. ದಾದಾ ಎಲ್ಲರಿಗೂ ಕೆಂಪು ರಸ್ಸಾ ಬಡಿಸುತ್ತ ಕೈ ಮುಗಿಯುತ್ತಿದ್ದ. ಬಾಬಾ ಇದ್ದಾಗಿನಿಂದ ಪ್ರತಿ ಭಾನುವಾರ ಬರುವ ಮಗದೂಮ್ ಕಾಕಾ ತಟ್ಟೆಯ ಮುಂದಿನಿಂದ ಎದ್ದು, "ಬಿಳೀದ ಇಲ್ಲಂದ್ರ ಇದೇನ್ ಭಾನುವಾರೋ ಸಂಗ್ರಾಮ," ಎಂದು ಹೊರಟುಹೋಗಿದ್ದರು.

ಗಿರಾಕಿಗಳೆಲ್ಲ ಹೋದ ಮೇಲೆ ದಾದಾ ಮೇಜಿಗೆ ಹೊಡೆದ. "ಇದಕ್ಕೇನ ನಾ ಹೇಳಿದ್ದು? ಸಾಕ್ ಮಾಡು ಈ ಹುಚ್ಚಾಟ!"

"ಟೈರು ಸೀಳಿದ್ರ ನಾ ಏನ್ ಮಾಡ್ಲಿ?"

"ಇವರಿಗೆ ಅನಬ್ಯಾಡ್ರಿ," ವೈನಿ ಗಂಡನ ಕಡೆ ತಿರುಗಿ ಹೇಳಿದಳು. ಕಣ್ಣು ಮಾತ್ರ ಆಯಿಯ ಮೇಲೆ. "ನಾ ಅಲ್ಲೇ ಒಲಿ ಮುಂದ ನಿಂತಿದ್ದೆ. ಎಲ್ಲಾ ಸಾಮಾನ ಕೈಯಾಗಿತ್ತು. ಮುಟ್ಟಿದ್ರ ಒಡೀತದ ಅಂತ ಹೆದರಿ ನಿಂತೆ. ಎರಡ ವರ್ಷ ಆತು ನಾ ಈ ಮನಿಗೆ ಬಂದು. ಕಲಿಸಿದ್ರ ಇವತ್ತ ಹಿಂಗ ಆಗ್ತಿತ್ತೇನ್ರಿ ಅತ್ತಿ?"

ಆಯಿ ಬೂಟಿನ ಲೇಸು ಬಿಚ್ಚುತ್ತಿದ್ದಳು.

"ಸಮುದ್ರಕ್ಕ ಇಳೀತೀರಿ. ಸೊಸಿ ಕೈಯಾಗ ಒಂದ್ ಬೋಗುಣಿ ರಸ್ಸಾ ಕೊಡಾಕ ಹೆದರ್ತೀರಿ."

ಆಯಿ ಬೂಟು ಮೂಲೆಗಿಟ್ಟು ಪಾತ್ರೆ ತಿಕ್ಕಲು ಕೂತಳು.

ಸ್ಪರ್ಧೆಯೂ ಭಾನುವಾರವೇ ಇತ್ತು. ದೀಪಾವಳಿಗೆ ಊರಿಗೆ ಬಂದವರೆಲ್ಲ ತಿರುಗಿ ಹೋಗುವ ಮುಂಚೆ ಒಂದು ಊಟ ಮಾಡಿ ಹೋಗುವ ಭಾನುವಾರ. ವರ್ಷದ ದೊಡ್ಡ ವ್ಯಾಪಾರ. ರಸ್ಸಾವನ್ನು ಹಿಂದಿನ ದಿನವೇ ಮಾಡಿಡಬಹುದೇ ಎಂದು ಆಯಿ ಒಮ್ಮೆ ಮಾಡಿಟ್ಟು ನೋಡಿದಳು. ಬೆಳಗಾಗುವುದರೊಳಗೆ ಹುಳಿ ಬಂದಿತ್ತು. ಆ ದಿನ ಖಾನಾವಳಿ ಮುಚ್ಚೋಣ ಎಂದಳು. ದಾದಾ ಕೇಳಿಸದವನಂತೆ ಎದ್ದು ಹೋದ. ನವರಾತ್ರಿಯ ಒಂಬತ್ತು ದಿನ ಆಯಿ ಉಪವಾಸವಿದ್ದು, ಸಾಬುದಾಣೆ ತಿಂದೇ ಓಡಿದಳು. ಅಂಬಾಬಾಯಿಯ ಗುಡಿಗೆ ದಿನವೂ ಹೋದಳು. ಅಲ್ಲಿ ಏನು ಕೇಳಿಕೊಂಡಳೋ ಗೊತ್ತಿಲ್ಲ.

ದಸರೆಯ ಮರುವಾರ ಬುಧವಾರ ಆಯಿ ಎಂದಿನಂತೆ ಎಲ್ಲರನ್ನೂ ಹೊರಗೆ ಕಳಿಸಿದಳು. ವೈನಿ ಕೈ ಒರೆಸಿಕೊಂಡು ಹೊರಟಳು.

"ನೀ ಎಲ್ಲಿ ಹೊಂಟಿ? ನಿಂದ್ರು."

ಕದ ಮುಚ್ಚಿತು. ನಾನು ಮೊರದ ಹಿಂದೆ ಬೆಳ್ಳುಳ್ಳಿಯ ಮುಂದೆ ಕೂತೇ ಇದ್ದೆ. ನಾನಿರುವುದು ಇಬ್ಬರಿಗೂ ನೆನಪಾಗಲಿಲ್ಲ. ಅದು ನನಗೆ ಹೊಸದಲ್ಲ. ಆಯಿ ಗೂಡಿನಿಂದ ಒಂದು ಬಟ್ಟಲು ತೆಗೆದಳು. ನೆನೆಸಿದ ಅಕ್ಕಿ, ಒಂದು ಹಿಡಿ.

"ಇದನ್ನ ನುಣ್ಣಗ ಅರೆದು ತೆಂಗಿನಹಾಲಿನಾಗ ಕಲಸು. ಆಮ್ಯಾಲ ಮಟನ್ ನೀರು ಒಂದೊಂದ ಸೌಟು ಅದರಾಗ ಹಾಕು. ಹಾಲು ತಗೊಂಡ ಹೋಗಿ ನೀರಾಗ ಹಾಕಬ್ಯಾಡ. ಕೂಡಿಸಿದ ಮ್ಯಾಲ ಕುದಿಸಬ್ಯಾಡ."

ವೈನಿ ಬಟ್ಟಲನ್ನೂ ಆಯಿಯನ್ನೂ ನೋಡಿದಳು. "ಇಷ್ಟ?"

"ಇಷ್ಟ."

"ಇದಕ್ಕ ಎರಡ ವರ್ಷ ಕದಾ ಹಾಕ್ಕೊಂಡ್ರೇನ್ರಿ?"

"ಎರಡ ಏನ್ ಮಹಾ? ನಮ್ಮತ್ತಿ ನನಗ ಹದಿನಾಲ್ಕ ವರ್ಷ ಕದಾ ಹಾಕಿದ್ಲು. ಹಾಸಿಗಿ ಹಿಡದ ಮ್ಯಾಲ ಹೇಳಿದ್ಲು." ಆಯಿ ಸೌಟನ್ನು ವೈನಿಯ ಕೈಗೆ ಕೊಟ್ಟಳು. "ನಾ ಹಾಸಿಗಿ ಹಿಡದಿಲ್ಲ ಇನ್ನೂ. ಗೋವಾಕ್ಕ ಹೋಗೂದದ. ಹಾಕು, ನೋಡ್ತೇನಿ."

ವೈನಿಯ ಮೊದಲ ಸೌಟು ಅರ್ಧ ಒಲೆಯ ಮೇಲೆ ಚೆಲ್ಲಿತು. ಆಯಿ ಬೋಗುಣಿಯನ್ನು ಹತ್ತಿರ ಸರಿಸಿದಳು.

ದೀಪಾವಳಿ ಮುಗಿದ ಶನಿವಾರ ಗುಂಪಿನ ಗಾಡಿಯಲ್ಲಿ ಗೋವೆಗೆ ಹೋದೆವು. ಆಬಾ ಹಟ ಹಿಡಿದು ಬಂದರು. ದಾದಾ, ವೈನಿ ಖಾನಾವಳಿಗೆ ಉಳಿದರು. ಹೊರಡುವಾಗ ಆಯಿ ಗಾಡಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕುದಿಸಬ್ಯಾಡ!" ಎಂದು ಕೂಗಿದಳು. ವೈನಿ ಒಳಗೆ ಹೋಗಿಯಾಗಿತ್ತು.

ಭಾನುವಾರ ಬೆಳಗ್ಗೆ ನೂರಾರು ಟೋಪಿಗಳ ನಡುವೆ ಆಯಿ ಸಮುದ್ರಕ್ಕೆ ಇಳಿದಳು. ಆಬಾ ಮರಳಿನ ಮೇಲೆ ಕುಕ್ಕುರುಗಾಲಲ್ಲಿ ಕೂತು, ಅಖಾಡದ ಮಣ್ಣು ಮುಟ್ಟುವಂತೆ ಮರಳು ಮುಟ್ಟಿ ಹಣೆಗೆ ಹಚ್ಚಿಕೊಂಡರು. ನೀರಿನಿಂದ ಆಯಿ ನಮ್ಮ ಗುಂಪಿನಲ್ಲಿ ಎರಡನೆಯವಳಾಗಿ ಬಂದಳು. ಸೈಕಲ್ಲಿನಲ್ಲಿ ಹಿಂದೆ ಬಿದ್ದಳು. ಆದರೂ ಗಡುವಿನ ಒಳಗೇ ಇದ್ದಳು. ಓಟಕ್ಕೆ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಅದೇ ರಸ್ತೆಯಲ್ಲಿ ಹೋಗಿ ಬರುವ ಓಟ. ಪ್ರತಿ ಸುತ್ತಿಗೂ ನಾವು ನಿಂತಿದ್ದ ಹಗ್ಗದ ಹತ್ತಿರ ಹಾದು ಹೋಗುತ್ತಿದ್ದಳು. ಮುಖ ಕಪ್ಪಾಗಿತ್ತು, ಕಾಲು ಎಳೆಯುತ್ತಿದ್ದಳು.

"ಹಿಂಗ ಓಡಿದ್ರ ಟೈಮಿನೊಳಗ ಮುಟ್ಟತಾಳ," ಎಂದರು ಗುಂಪಿನ ಒಬ್ಬರು ಗಡಿಯಾರ ನೋಡಿ.

ಕೊನೆಯ ಸುತ್ತಿನಲ್ಲಿ ಆಯಿ ನಮ್ಮ ಮುಂದೆ ಬಂದು ನಿಂತುಬಿಟ್ಟಳು.

"ಶರ್ವರಿಗೆ ಫೋನ್ ಹಚ್ಚು."

"ಆಯೀ, ನಿಂದ್ರಬ್ಯಾಡ! ಹೋಗು!"

"ಹಚ್ಚು ಅಂದೆ."

ಟೋಪಿ ಹಾಕಿದ ಉಸ್ತುವಾರಿಯ ಹೆಂಗಸು ಓಡಿ ಬಂದಳು. "ಮ್ಯಾಡಮ್, ಓಡೋರು ಫೋನ್ ಮುಟ್ಟಂಗಿಲ್ಲ."

"ನಾ ಮುಟ್ಟೂದಿಲ್ಲ. ಇಕಿ ಮಾತಾಡ್ತಾಳ."

ವೈನಿ ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಲಿಲ್ಲ. ಆಯಿ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಓಡುವವರು ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು. ಆಬಾ, "ಇಂದೂ, ಕುಸ್ತಿ ನಡುವ ಮನಿ ಚಿಂತಿ ಮಾಡಬಾರದು," ಎಂದರು. ಆಕೆ ಕದಲಲಿಲ್ಲ. ಮೂರನೆಯ ಸಲ ವೈನಿ ಎತ್ತಿದಳು. ಹಿಂದೆ ಪಾತ್ರೆಗಳ ಸದ್ದು. ಅಷ್ಟು ಜನರ ನಡುವೆ ನಾನು ಗಂಟಲು ಹರಿಯುವಂತೆ ಕೂಗಿದೆ:

"ವೈನೀ! ಆಯಿ ಕೇಳ್ತಾಳ! ರಸ್ಸಾ ಒಡೀತೇನು?"

ಪಕ್ಕದವರೆಲ್ಲ ನಮ್ಮ ಕಡೆ ತಿರುಗಿದರು.

"ಒಡದಿಲ್ಲ," ವೈನಿಯ ದನಿ. "ಬೋಗುಣಿ ಖಾಲಿ. ತಿಕ್ಕಾಕ ಹಾಕೇನಿ. ಮಗದೂಮ್ ಕಾಕಾ ಎರಡ ಸಲ ಹಾಕ್ಕೊಂಡ್ರು. 'ಇಂದೂ ವೈನಿ ಕೈ ಇವತ್ತ ಭಾಳ ಛಲೋ ಅದ' ಅಂದ್ರು."

"ನೀ ಏನಂದಿ?"

"ನಾ ಯಾಕ ಅನ್ನಲಿ? ಇನ್ನೊಂದ್ ರೊಟ್ಟಿ ಹಾಕಿದೆ."

ನಾನು ಅದನ್ನೆಲ್ಲ ಕೂಗಿ ಹೇಳಿದೆ. ಆಯಿ ಕೇಳಿಸಿಕೊಂಡಳು. "ಆ ಮಗದೂಮಗ ಮೊದಲಿಂದಾನೂ ನಾಲಿಗ್ಯಾಗ ರುಚಿ ಇಲ್ಲ," ಎಂದಳು. ಆಮೇಲೆ ಓಡಿದಳು. ಅಲ್ಲಿಯವರೆಗೆ ಓಡಿದ್ದಕ್ಕಿಂತ ಜೋರಾಗಿ.

ಆದರೂ ಸಾಲಲಿಲ್ಲ. ಕೊನೆಯ ಕಮಾನು ದಾಟುವ ಹೊತ್ತಿಗೆ ಗಡುವು ಮುಗಿದಿತ್ತು. ಒಂದು ಚಹಾ ಕುಡಿಯುವಷ್ಟು ಹೊತ್ತು ತಡ. ಪದಕ ಕೊರಳಿಗೆ ಬೀಳಲಿಲ್ಲ. ಒಬ್ಬರು ಎಳನೀರು ಕೊಟ್ಟರು. ಆಯಿ ಮರಳಿನ ಮೇಲೆ ಕಾಲು ಚಾಚಿ ಕೂತು ಅದನ್ನು ಪೂರ್ತಿ ಕುಡಿದಳು.

"ಆ ಫೋನ್ ಮಾಡದಿದ್ರ..." ಎಂದೆ ನಾನು.

"ಮಾಡದಿದ್ರ ಕಾಲು ಮುಂದ ಹೋಗ್ತಿರ್ಲಿಲ್ಲ," ಎಂದಳು. ಆಬಾ ತಮ್ಮ ಟವೆಲ್ಲಿನಿಂದ ಸೊಸೆಯ ಬೂಟಿನ ಮರಳನ್ನು ಕೊಡವುತ್ತಿದ್ದರು.

ಸೋಮವಾರ ಊಟದ ಹೊತ್ತಿಗೆ ಮನೆಯಲ್ಲಿದ್ದೆವು. ದಾದಾ ಬಹಳ ಹೊತ್ತು ಅನ್ನ ಕಲಸಿದ.

"ಆಯೀ, ಮಾತಂದ್ರ ಮಾತು."

"ಹೌದು. ಆ ಡಾಕ್ಟರಗ ಫೋನ್ ಮಾಡು," ಎಂದಳು ಆಯಿ. ತಟ್ಟೆಯಿಂದ ತಲೆ ಎತ್ತಲಿಲ್ಲ.

ವೈನಿ ರೊಟ್ಟಿಯನ್ನು ದಾದಾನ ತಟ್ಟೆಗೆ ಎಸೆದಂತೆ ಹಾಕಿದಳು. "ಮಾಡ್ರಿ ಫೋನು. ನಾಳಿಂದ ರೊಟ್ಟಿ ನೀವ ಬಡೀರಿ."

"ಅಲಾ! ಮೇ ತಿಂಗಳದಾಗ ನೀನ ಅಲ್ಲೇನು, ಕೊತ್ತಂಬ್ರಿ ತರಾಕ ಬರೂದಿಲ್ಲ ಅಂದಾಕಿ?"

"ಈಗೂ ಬರೂದಿಲ್ಲ. ಕೊತ್ತಂಬ್ರಿ ನೀವು ತರ್ರಿ. ಅತ್ತಿ ಭಾನುವಾರ ಮನ್ಯಾಗ ಕುಂತ್ರ ನಾ ಎಲ್ಲಿ ಹೋಗ್ಲಿ? ಮತ್ತ ಆ ಕದದ ಹೊರಗ ನಿಂದರ್ಲೇನು? ಸೈಕಲ್ ಎಲ್ಲೂ ಹೋಗಂಗಿಲ್ಲ."

ದಾದಾ ಆಬಾರ ಕಡೆ ನೋಡಿದ. ಆಬಾ ಮೂಳೆಯೊಳಗಿನ ನೆಣ ಊದಿ ತೆಗೆಯುವುದರಲ್ಲಿ ಮುಳುಗಿದ್ದರು.

ಮುಂದಿನ ಭಾನುವಾರ ಆಯಿ ಪನ್ಹಾಳಕ್ಕೆ ಹೋಗಿ ಬಂದಳು. ಸೈಕಲ್ಲನ್ನು ಗೋಡೆಗೆ ಆನಿಸಿ, ಹೆಲ್ಮೆಟ್ಟಿನಲ್ಲೇ ಅಡುಗೆಮನೆಯ ಕಡೆ ನಡೆದಳು. ಕದ ಮುಚ್ಚಿತ್ತು. ತಟ್ಟಿದಳು.

"ಹೊರಗ ಕುಂದ್ರಿ ಅತ್ತಿ," ಒಳಗಿನಿಂದ ದನಿ ಬಂತು. "ರಸ್ಸಾ ಕೂಡ್ಸಾಕತ್ತೇನಿ."

"ಏ ಶರ್ವರಿ, ನಾ ಬಂದೇನಿ."

"ಗೊತ್ತದ. ಹೊರಗ ಕುಂದ್ರಿ."

ಆಬಾ ನಕ್ಕ ನಗೆಗೆ ಕುರ್ಚಿ ಅಲುಗಿತು. ಆಯಿ ಕದದ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೆಲ್ಮೆಟ್ ತೆಗೆದು, ಗಿರಾಕಿಗಳ ನಡುವೆ ಕಿಟಕಿಯ ಪಕ್ಕದ ಮೇಜಿಗೆ ಹೋಗಿ ಕೂತಳು. ಖಾನಾವಳಿಯಲ್ಲಿ ಅವಳು ಮೇಜಿಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ವೈನಿ ರಸ್ಸಾದ ಬೋಗುಣಿಯನ್ನು ಹೊರಗಿಟ್ಟು ಮತ್ತೆ ಕದ ಹಾಕಿಕೊಂಡಳು. ಆಯಿಗೆ ಯಾರೂ ತಟ್ಟೆ ತರಲಿಲ್ಲ. ನಾನು ಬೆಳ್ಳುಳ್ಳಿ ಬಿಟ್ಟು ಎದ್ದು, ತಟ್ಟೆ ಒಯ್ದು ಅವಳ ಮುಂದೆ ಇಟ್ಟೆ. ಪಕ್ಕದ ಮೇಜಿನವರಿಗೂ ಇಟ್ಟೆ.

ಬಿಳಿ ರಸ್ಸಾದ ಬಟ್ಟಲನ್ನು ಆಯಿ ಎತ್ತಿ ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು ಬಾಯಲ್ಲೇ ಇಟ್ಟುಕೊಂಡು ಮುಚ್ಚಿದ ಕದದ ಕಡೆ ನೋಡಿದಳು.

"ಏನೋ ಹೊಸಾದು ಹಾಕ್ಯಾಳ."

"ಏನು?"

"ತಿಳೀವಲ್ದು." ಬಟ್ಟಲನ್ನು ಖಾಲಿ ಮಾಡಿ ನನ್ನ ಕಡೆ ಚಾಚಿದಳು. "ಇನ್ನೊಂದ್ ಸ್ವಲ್ಪ ತಗೊಂಡ ಬಾ."